ಹಲ್ಲಿಗೊಂದು ದೇಶ

"ನಿಮಗಾದರೂ ಹಲ್ಲು ಕೆಟ್ಟರೆ ಹೋಗುವುದಕ್ಕೆ ನಿಮ್ಮದೇ ಒಂದು ದೇಶವಿದೆ. ನಾನು ಇನ್ನೊಬ್ಬರ ದೇಶಕ್ಕೆ ಹೋಗಬೇಕು." ನಮ್ಮ ಪಕ್ಕದ ಮನೆಯ ಹಿರಿಯ ಮಹಿಳೆಯೊಬ್ಬರು ಕಳೆದ ತಿಂಗಳು ಹೇಳಿದ ಈ ಮಾತು ಇನ್ನೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ಅವರು ಹುಟ್ಟಿದ್ದು, ಶಾಲಾ ಬಸ್ಸು ಓಡಿಸಿ ದುಡಿದದ್ದು, ತೆರಿಗೆ ಕಟ್ಟಿದ್ದು, ನಿವೃತ್ತರಾದದ್ದು ಎಲ್ಲವೂ ಅಮೆರಿಕದ ಇದೇ ಅರಿಜೋನಾ ರಾಜ್ಯದಲ್ಲಿ. ನಾನು ಕರ್ನಾಟಕದಿಂದ ಇಲ್ಲಿಗೆ ಬಂದವಳು. ಅವರ ಮಾತಿನಲ್ಲಿ ನನ್ನ ಬಗ್ಗೆ ಅಸೂಯೆಯಾಗಲಿ, ತಮ್ಮ ದೇಶದ ಬಗ್ಗೆ ಸಿಟ್ಟಾಗಲಿ ಇರಲಿಲ್ಲ. ಹವಾಮಾನದ ವಿಷಯ ಹೇಳುವಷ್ಟೇ ಸಹಜವಾಗಿ ಹೇಳಿದರು. ಹಾಗೆ ಹೇಳಿದ್ದರಿಂದಲೇ ನನಗೆ ಹೆಚ್ಚು ನೋವಾಯಿತು.

ಆಗ ನಾವು ಫೀನಿಕ್ಸ್‌ನಿಂದ ಯೂಮಾ ಕಡೆಗೆ ಹೋಗುವ ಹೆದ್ದಾರಿಯಲ್ಲಿದ್ದೆವು. ಅವರ ಕೆಳದವಡೆಯಲ್ಲಿ ಹಾಕಿಸಿದ್ದ ಎರಡು ಇಂಪ್ಲಾಂಟ್‌ಗಳ, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಯೊಳಗೆ ಕೂರಿಸಿದ ಟೈಟಾನಿಯಂ ಬೇರುಗಳ ಮೇಲೆ ಕ್ಯಾಪ್ ಕೂರಿಸುವ ದಿನ ಹತ್ತಿರ ಬಂದಿತ್ತು, ಕರೆದೊಯ್ಯಬೇಕಾಗಿದ್ದ ಮಗನಿಗೆ ರಜೆ ಸಿಕ್ಕಿರಲಿಲ್ಲ. ಹಾಗಾಗಿ ನಾನೇ ಹೊರಟೆ. ಸುಮಾರು 300 ಕಿಲೋಮೀಟರ್ ಮರುಭೂಮಿಯ ದಾರಿ ಸವೆಸಿ, ಯೂಮಾದಲ್ಲಿ ಕೊಲರಾಡೊ ನದಿಯನ್ನು ದಾಟಿ, ಕ್ಯಾಲಿಫೋರ್ನಿಯಾದ ಒಂದು ಮೂಲೆಯನ್ನು ಹಾದು ಆಂಡ್ರೇಡ್ ಎಂಬ ಗಡಿಠಾಣೆ ತಲುಪಿದರೆ, ಅಲ್ಲಿ ಕ್ವೆಚಾನ್ ಮೂಲನಿವಾಸಿಗಳು ನಡೆಸುವ ವಿಶಾಲವಾದ ಪಾರ್ಕಿಂಗ್ ಜಾಗವಿದೆ. ಕಾರನ್ನು ಅಲ್ಲಿಯೇ ಬಿಟ್ಟು ಜನ ನಡೆದುಕೊಂಡೇ ಮೆಕ್ಸಿಕೊಗೆ ಹೋಗುತ್ತಾರೆ. ನನ್ನ ಬಳಿ ಗ್ರೀನ್ ಕಾರ್ಡ್ ಇರುವುದರಿಂದ ಮೆಕ್ಸಿಕೊದ ವೀಸಾ ಬೇಕಾಗಲಿಲ್ಲ. ಗಡಿಯಾಚೆಯ ಆ ಪುಟ್ಟ ಊರಿನ ಹೆಸರು ಲೋಸ್ ಅಲ್ಗೊಡೊನೆಸ್. ಕೆಲವೇ ಬೀದಿಗಳ, ಕೆಲವೇ ಸಾವಿರ ಜನಸಂಖ್ಯೆಯ ಊರಿನಲ್ಲಿ ನೂರಾರು ದಂತವೈದ್ಯರಿದ್ದಾರೆ. ಅಮೆರಿಕನ್ನರು ಇದನ್ನು ಮೋಲಾರ್ ಸಿಟಿ, ಅಂದರೆ ದವಡೆಹಲ್ಲಿನ ಊರು ಎಂದು ಕರೆಯುತ್ತಾರೆ. ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದಲೂ ಕೆನಡಾದಿಂದಲೂ ಬಿಸಿಲನ್ನು ಅರಸಿ ಬರುವ ನಿವೃತ್ತರು ಊರುಗೋಲು ಹಿಡಿದು, ಕೈಯಲ್ಲಿ ಎಕ್ಸ್-ರೇ ಲಕೋಟೆ ಇಟ್ಟುಕೊಂಡು ಆ ಬೀದಿಗಳಲ್ಲಿ ನಡೆಯುವುದನ್ನು ನೋಡುವಾಗ, ಜಗತ್ತಿನ ಅತ್ಯಂತ ಶ್ರೀಮಂತ ದೇಶದ ವೃದ್ಧರು ಇವರೇ ಎಂದು ನಂಬುವುದು ಕಷ್ಟವಾಗುತ್ತದೆ.

ಇದಕ್ಕೆ ಕಾರಣ ಹುಡುಕಿದರೆ ಹಳೆಯ ಎರಡು ಇಸವಿಗಳು ಎದುರಾಗುತ್ತವೆ. 1840ರಲ್ಲಿ ಬಾಲ್ಟಿಮೋರ್‌ನಲ್ಲಿ ಜಗತ್ತಿನ ಮೊದಲ ದಂತವೈದ್ಯ ಕಾಲೇಜು ಆರಂಭವಾದಾಗಲೇ ಹಲ್ಲಿನ ವಿದ್ಯೆ ಉಳಿದ ವೈದ್ಯಕೀಯದಿಂದ ಬೇರೆ ದಾರಿ ಹಿಡಿಯಿತು. 1965ರಲ್ಲಿ ಹಿರಿಯ ನಾಗರಿಕರಿಗಾಗಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಬಂದಾಗ, ಹಲ್ಲುಗಳ ಆರೈಕೆ, ತುಂಬುವುದು, ಕೀಳುವುದು, ಬದಲಿ ಹಲ್ಲು ಕೂರಿಸುವುದು ಇವೆಲ್ಲವನ್ನೂ ಆ ಕಾನೂನೇ ಹೆಸರು ಹೇಳಿ ಹೊರಗಿಟ್ಟಿತು. ಹೃದಯ, ಮೂತ್ರಪಿಂಡ, ಮಂಡಿಚಿಪ್ಪು ಎಲ್ಲಕ್ಕೂ ಇರುವ ರಕ್ಷಣೆ ತುಟಿಯ ಬಳಿಯೇ ನಿಂತುಹೋಗುತ್ತದೆ. ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಯೋಜನೆಗಳಲ್ಲಿ ಹಲ್ಲಿಗೆ ಅಷ್ಟಿಷ್ಟು ಸೌಲಭ್ಯವಿರುವುದುಂಟು. ಪ್ರತ್ಯೇಕವಾಗಿ ಹಲ್ಲಿನ ವಿಮೆ ಮಾಡಿಸಿದರೂ ವರ್ಷಕ್ಕೆ 1,000ದಿಂದ 2,000 ಡಾಲರ್ ದಾಟಿದ ಮೇಲೆ ಅದು ಕೈ ಎತ್ತಿಬಿಡುವುದೇ ಹೆಚ್ಚು. ಒಂದು ಇಂಪ್ಲಾಂಟ್‌ಗೆ, ಮೇಲಿನ ಕ್ಯಾಪ್ ಸೇರಿ, ಇಲ್ಲಿ 3,000ದಿಂದ 5,000 ಡಾಲರ್ ಆಗುವುದು ಸಾಮಾನ್ಯ. ಗಡಿಯಾಚೆ ಅದರ ಅರ್ಧಕ್ಕಿಂತ ಕಡಿಮೆ. ಇಲ್ಲಿನ ದಂತವೈದ್ಯರೆಲ್ಲ ದುರಾಸೆಯವರು ಎಂದು ನಾನು ಹೇಳಲಾರೆ, ಏಕೆಂದರೆ ಸಾಲ ಮಾಡಿ ಓದಿದ ತರುಣ ವೈದ್ಯರು ಸರಾಸರಿ ಸುಮಾರು ಮೂರು ಲಕ್ಷ ಡಾಲರ್ ಸಾಲ ಹೊತ್ತುಕೊಂಡೇ ಕಾಲೇಜಿನಿಂದ ಹೊರಬರುತ್ತಾರೆ, ಆ ಸಾಲದ ಕಂತೂ ರೋಗಿಯ ಬಿಲ್ಲಿನೊಳಗೇ ಸೇರಿರುತ್ತದೆ.

ಚಿಕಿತ್ಸಾಲಯದ ಒಳಗೆ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಗ್ಗ ಎಂದರೆ ಕಳಪೆ ಎಂಬ ಭಾವನೆ ನಮ್ಮವರಲ್ಲೂ ಬೇರೂರಿದೆ. ವೈದ್ಯೆ ನಲವತ್ತರ ಆಸುಪಾಸಿನವರು. ನಮ್ಮ ಪಕ್ಕದ ಮನೆಯವರು ಬೆಳ್ಳಗೆ ಹೊಳೆಯುವ ಹಲ್ಲು ಬೇಕೆಂದಾಗ ಅವರು ತಕ್ಷಣ ಒಪ್ಪಲಿಲ್ಲ. 16 ಬಣ್ಣಗಳ ಮಾದರಿ ಹಲ್ಲುಗಳನ್ನು ಜೋಡಿಸಿದ ಪಟ್ಟಿಯನ್ನು ತಂದು, ದೀಪದ ಬೆಳಕು ಮೋಸ ಮಾಡುತ್ತದೆ ಎಂದು ಅವರನ್ನು ಕುರ್ಚಿಯಿಂದ ಎಬ್ಬಿಸಿ ಕಿಟಕಿಯ ಬಳಿ ನಿಲ್ಲಿಸಿ, ಕೈಗನ್ನಡಿ ಕೊಟ್ಟು, ಒಂದೊಂದೇ ಮಾದರಿಯನ್ನು ಪಕ್ಕದ ಸ್ವಂತ ಹಲ್ಲಿನ ಜೊತೆಗೆ ಹಿಡಿದು ತೋರಿಸಿದರು. ಕೊನೆಗೆ ಆರಿಸಿದ್ದು ತುಸು ಹಳದಿ ಛಾಯೆಯದು. ಅದನ್ನು ಹಿಡಿದಾಗ ಯಾವುದು ಸ್ವಂತದ್ದು, ಯಾವುದು ಮಾದರಿ ಎಂದು ನನಗೂ ಗೊತ್ತಾಗಲಿಲ್ಲ. ಅಳತೆಯನ್ನು ಅಲ್ಲಿಯೇ ಇದ್ದ, ಕ್ಯಾಪ್ ತಯಾರಿಸುವ ಪ್ರಯೋಗಾಲಯಕ್ಕೆ ಕಳಿಸಿದರು. ನಾವು ಗಡಿ ದಾಟಿ ಬಂದು ಆ ರಾತ್ರಿ ಯೂಮಾದಲ್ಲಿ ಉಳಿದೆವು.

ಮರುದಿನ ಕ್ಯಾಪ್ ಕೂರಿಸಿದ ಮೇಲೆ ನಡೆದ ಕೆಲಸ ನನ್ನ ಕಣ್ಣಿಗೆ ಇನ್ನೂ ಮುಖ್ಯವಾಗಿ ಕಂಡಿತು. ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ನೀಲಿ ಕಾಗದದ ತೆಳುವಾದ ಚೂರು ಇಟ್ಟು, ಕಚ್ಚಿ, ಆಚೀಚೆ ಅರೆಯಿರಿ ಎಂದರು. ಕ್ಯಾಪಿನ ಮೇಲೆ ಎಲ್ಲಿ ನೀಲಿ ಗುರುತು ಗಾಢವಾಗಿ ಬಿತ್ತೋ ಅಲ್ಲಿ ಕೂದಲೆಳೆಯಷ್ಟು ಉಜ್ಜಿ ತೆಗೆದರು. ಮತ್ತೆ ಕಾಗದ, ಮತ್ತೆ ಕಚ್ಚುವುದು, ಮತ್ತೆ ಉಜ್ಜುವುದು. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ಮೆತ್ತೆಯಂಥ ಪದರವಿದ್ದು ಅದು ಒತ್ತಡವನ್ನು ತಾಳಿಕೊಳ್ಳುತ್ತದೆ. ಇಂಪ್ಲಾಂಟ್‌ಗೆ ಆ ಪದರವಿಲ್ಲ. ಟೈಟಾನಿಯಂಗೆ ಮೂಳೆ ನೇರವಾಗಿ ಅಂಟಿ ಬೆಳೆಯುತ್ತದೆ ಎಂಬ, ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಅವರು ಕಂಡುಕೊಂಡ ಸಂಗತಿಯೇ ಈ ಚಿಕಿತ್ಸೆಗೆ ಆಧಾರ. ಅವರು ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ್ದು ಕೂಡ ಮೆಡಿಕೇರ್ ಬಂದ 1965ರಲ್ಲಿಯೇ. ಮೂಳೆ ಹಾಗೆ ಬೆಸೆದುಕೊಳ್ಳಲು ಕೆಲವು ತಿಂಗಳು ಹಿಡಿಯುವುದರಿಂದ ಸಾಮಾನ್ಯವಾಗಿ ಒಂದೇ ಪ್ರಯಾಣದಲ್ಲಿ ಕೆಲಸ ಮುಗಿಯುವುದಿಲ್ಲ. ಅಗ್ಗದ ಲೆಕ್ಕ ಹಾಕುವವರು ಎರಡನೆಯ ಪ್ರಯಾಣದ ಖರ್ಚನ್ನೂ ಸೇರಿಸಿಕೊಳ್ಳಬೇಕು.

ಪ್ರಯಾಣದ ಖರ್ಚಿಗಿಂತ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಆಮೇಲಿನ ದಿನಗಳು. ಕುರ್ಚಿಯಲ್ಲಿ ಸರಿಯೆನಿಸಿದ ಕ್ಯಾಪ್ ವಾರ ಕಳೆದ ಮೇಲೆ ಕಚ್ಚುವಾಗ ತುಸು ಎತ್ತರ ಎನ್ನಿಸಬಹುದು, ಅದನ್ನು ಇಂಪ್ಲಾಂಟಿಗೆ ಬಿಗಿಯುವ ತಿರುಪು ಸಡಿಲಾಗಬಹುದು, ಇಂಪ್ಲಾಂಟಿನ ಸುತ್ತಲಿನ ವಸಡು ಊದಿಕೊಂಡು ನಿಧಾನವಾಗಿ ಮೂಳೆ ಕರಗಬಹುದು. ಆಗ ಐದು ನಿಮಿಷದ ಕೆಲಸಕ್ಕೆ ಮೂರು ಗಂಟೆಯ ದಾರಿ ಮತ್ತು ಒಂದು ಅಂತರರಾಷ್ಟ್ರೀಯ ಗಡಿ. ಇಲ್ಲಿನ ವೈದ್ಯರಲ್ಲಿ ಅನೇಕರು ಬೇರೆಯವರು ಹಾಕಿದ ಇಂಪ್ಲಾಂಟ್ ಮುಟ್ಟಲು ಹಿಂಜರಿಯುತ್ತಾರೆ. ಅದಕ್ಕೆ ನ್ಯಾಯವಾದ ಕಾರಣವೂ ಇದೆ: ಪ್ರತಿ ಕಂಪನಿಯ ತಿರುಪಿನ ಅಳತೆ, ಅದನ್ನು ಬಿಚ್ಚುವ ಉಪಕರಣ ಬೇರೆ ಬೇರೆ, ಒಳಗೆ ಇರುವುದು ಯಾವುದೆಂದು ಗೊತ್ತಿಲ್ಲದೆ ಕೈ ಹಾಕಿದರೆ ತಿರುಪು ಒಳಗೇ ಮುರಿದುಹೋಗುವ ಅಪಾಯವಿದೆ. ಹೀಗಾಗಿ ಯಾವ ದೇಶದಲ್ಲಿ ಹಾಕಿಸಿಕೊಂಡರೂ, ಇಂಪ್ಲಾಂಟಿನ ಕಂಪನಿ, ಮಾದರಿ, ವ್ಯಾಸ, ಉದ್ದ, ಲಾಟ್ ಸಂಖ್ಯೆ ಬರೆದ ಕಾರ್ಡನ್ನೂ ಎಕ್ಸ್-ರೇಗಳ ಪ್ರತಿಯನ್ನೂ ಕೇಳಿ ಪಡೆಯದೆ ಎದ್ದು ಬರಬಾರದು. ಕೆಲವೇ ದಿನಗಳಲ್ಲಿ ಬಾಯಿ ತುಂಬ ಹೊಸ ಹಲ್ಲು ಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಮರುಳಾಗಿ ಗಟ್ಟಿಮುಟ್ಟಾದ ಹಲ್ಲುಗಳನ್ನು ಕ್ಯಾಪಿಗಾಗಿ ಉಜ್ಜಿಸಿಕೊಳ್ಳುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ; ಒಮ್ಮೆ ತೆಗೆದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ.

ಈಗ ನಮ್ಮ ಪಕ್ಕದ ಮನೆಯವರ ಮಾತಿಗೆ ಬರುತ್ತೇನೆ. ನಮ್ಮವರು ರಜೆಗೆ ಊರಿಗೆ ಹೋದಾಗ ರೂಟ್ ಕೆನಾಲ್, ಕ್ಯಾಪ್, ಮಕ್ಕಳ ಹುಳುಕು ಹಲ್ಲು ಎಲ್ಲವನ್ನೂ ಮುಗಿಸಿಕೊಂಡು ಬರುವುದು ಅವರಿಗೆ ಗೊತ್ತಿದೆ, ನಾನೇ ಹೇಳಿದ್ದೇನೆ. ಹೇಳುವಾಗ ಹೆಮ್ಮೆಯೂ ಇತ್ತು, ಈಗಲೂ ಇದೆ. ಮಣಿಪಾಲ, ಮಂಗಳೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಬೆಂಗಳೂರು ಎಂದು ನಮ್ಮ ರಾಜ್ಯದ ಉದ್ದಗಲಕ್ಕೂ ಇರುವ ದಂತವೈದ್ಯ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ನುರಿತ ಕೈಗಳು ಜಗತ್ತಿನ ಯಾವ ಕೈಗಳಿಗೂ ಕಡಿಮೆಯಲ್ಲ. ಬಡ ವೃದ್ಧರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡುವ ದಂತ ಭಾಗ್ಯ ಯೋಜನೆಯನ್ನು ಸರ್ಕಾರವೊಂದು ತಂದಿತು ಎಂದಾಗ ಅವರು ನಂಬಲಾರದೆ ಎರಡು ಸಲ ಕೇಳಿದರು.

ಆದರೆ ಮನೆಗೆ ಬಂದು ಅಮ್ಮನಿಗೆ ಫೋನಿನಲ್ಲಿ ಈ ಪ್ರಯಾಣದ ಕಥೆ ಹೇಳಿದಾಗ ಅಮ್ಮ ಕೇಳಿದ್ದು ಬೇರೆ: "ಎಪ್ಪತ್ತು ದಾಟಿದ ಮೇಲೆ ಒಂದೆರಡು ಹಲ್ಲಿಗೋಸ್ಕರ ಅಷ್ಟು ದೂರ ಹೋಗ್ತಾರೇನೇ?" ಆ ಪ್ರಶ್ನೆ ಕೇಳಿ ನನಗೆ ಅಜ್ಜಿ ನೆನಪಾದರು. ಅಜ್ಜಿಯ ಹಲ್ಲುಗಳು ಒಂದೊಂದಾಗಿ ಹೋದವು. ನೋವು ಬಂದಾಗ ಲವಂಗ, ಲವಂಗಕ್ಕೂ ಬಗ್ಗದಿದ್ದಾಗ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಪೇಟೆಗೆ ಹೋಗಿ ಕೀಳಿಸುವುದು. ಉಳಿಸಬಹುದೇ ಎಂದು ಯಾರೂ ವೈದ್ಯರನ್ನು ಕೇಳಲಿಲ್ಲ, ವಯಸ್ಸಾದ ಹೆಂಗಸಿನ ಹಲ್ಲಿಗೆ ಅಷ್ಟು ಓಡಾಟವೇಕೆ ಎಂಬುದು ಎಲ್ಲರ ಮೌನ ಒಪ್ಪಿಗೆಯಾಗಿತ್ತು. ಕೊನೆಕೊನೆಗೆ ಅವರು ನಾಲ್ಕು ಜನರ ಎದುರು ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾವು ಅದನ್ನು ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆವು. ಚಿಕಿತ್ಸೆ ಹತ್ತಿರವೂ ಇದ್ದು, ಇಲ್ಲಿಗೆ ಹೋಲಿಸಿದರೆ ಅಗ್ಗವೂ ಆಗಿದ್ದ ನಾಡಿನಲ್ಲಿಯೇ ಹೀಗಾಯಿತು. ನಮ್ಮಲ್ಲಿಯೂ ಬಹುತೇಕ ಆರೋಗ್ಯ ವಿಮೆಗಳು ಅಪಘಾತದಲ್ಲಿ ಪೆಟ್ಟಾದ ಹಲ್ಲಿನ ಹೊರತು ಉಳಿದದ್ದನ್ನು ಮುಟ್ಟದೆ ಬಂದಿವೆ. ದಂತವೈದ್ಯರು ನಗರಗಳಲ್ಲಿ ಕಿಕ್ಕಿರಿದಿದ್ದಾರೆ, ಹಳ್ಳಿಯವರು ನೋವು ತಾಳಲಾರದ ಹಂತಕ್ಕೆ ಬಂದ ಮೇಲಷ್ಟೇ ಬಸ್ಸು ಹತ್ತುತ್ತಾರೆ.

ಇದನ್ನೆಲ್ಲ ನಾನು ಆ ಮಹಿಳೆಗೆ ಒಂದು ಸಂಜೆ ಬಿಡಿಸಿ ಹೇಳಿದೆ. ನನಗೆ ಹಲ್ಲಿಗೊಂದು ದೇಶವಿರುವುದು ಅಲ್ಲಿ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಇಲ್ಲಿ ಡಾಲರಿನಲ್ಲಿ ಸಂಪಾದಿಸಿ ಅಲ್ಲಿ ರೂಪಾಯಿಯಲ್ಲಿ ಖರ್ಚು ಮಾಡುವುದರಿಂದ, ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಾಳಿದ ನನ್ನ ಅಜ್ಜಿಗೆ ಆ ದೇಶ ಸಿಗಲಿಲ್ಲ ಎಂದೆ. ಅವರು ಬಹಳ ಹೊತ್ತು ಅಜ್ಜಿಯ ಬಗ್ಗೆಯೇ ಕೇಳಿದರು: ಊಟಕ್ಕೆ ಕಷ್ಟವಾಗುತ್ತಿತ್ತೇ, ಹಲ್ಲು ಸೆಟ್ ಹಾಕಿಸಲಿಲ್ಲವೇ, ಯಾರೂ ಕೇಳಲಿಲ್ಲವೇ. ಅಮ್ಮನ ಹಲ್ಲು ಈಗ ಹೇಗಿದೆ ಎಂದೂ ಕೇಳಿದರು. ಆ ವಾರವೇ ತಂಗಿಗೆ ಫೋನ್ ಮಾಡಿ, ಅಮ್ಮ ಬೇಡವೆಂದರೂ ಬಿಡದೆ ಕರೆದುಕೊಂಡು ಹೋಗು ಎಂದೆ. ಅಮ್ಮ ಎರಡು ವರ್ಷದಿಂದ ಬಲಗಡೆಯ ದವಡೆಹಲ್ಲಿನಲ್ಲಿ ಅಗಿಯುತ್ತಲೇ ಇರಲಿಲ್ಲವಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ರೂಟ್ ಕೆನಾಲ್ ಮಾಡಿ ಉಳಿಸಬಹುದು ಎಂದು ವೈದ್ಯರು ಹೇಳಿದ್ದಾರೆ, ಚಿಕಿತ್ಸೆ ನಡೆಯುತ್ತಿದೆ.

ಇತ್ತ ನಮ್ಮ ಪಕ್ಕದ ಮನೆಯವರಿಗೆ ಆರು ತಿಂಗಳಿಗೊಮ್ಮೆ ವಸಡು ಪರೀಕ್ಷಿಸಿ ಕ್ಲೀನಿಂಗ್ ಮಾಡುವವರು ಇಲ್ಲಿಯೇ ಬೇಕಾಗಿದೆ. ಫೀನಿಕ್ಸ್ ಸಮೀಪದ ಮೀಸಾ ಮತ್ತು ಗ್ಲೆಂಡೇಲ್‌ಗಳಲ್ಲಿ ದಂತವೈದ್ಯ ಕಾಲೇಜುಗಳಿವೆ, ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಡಿಮೆ ದರಕ್ಕೆ ಚಿಕಿತ್ಸೆ ಕೊಡುತ್ತಾರೆ; ಸಮಯ ಹೆಚ್ಚು ಹಿಡಿಯುತ್ತದೆ, ಕೆಲಸ ಜಾಗರೂಕತೆಯಿಂದ ನಡೆಯುತ್ತದೆ. ಅವುಗಳಲ್ಲಿ ಒಂದಕ್ಕೆ ಅಲ್ಗೊಡೊನೆಸ್‌ನ ಕಾರ್ಡಿನ ಪ್ರತಿಯನ್ನು ಕಳಿಸಿದ್ದೇವೆ. ಇಂಪ್ಲಾಂಟಿನ ಕಂಪನಿ ಅವರಿಗೆ ಪರಿಚಯದ್ದೇ ಆಗಿದ್ದರಿಂದ ನೋಡಲು ಒಪ್ಪಿದ್ದಾರೆ, ಮುಂದಿನ ತಿಂಗಳ ದಿನಾಂಕ ಸಿಕ್ಕಿದೆ.