ಕನ್ನಡಕ ಹೋಯ್ತು, ಚಾಳೀಸು ಬರುತ್ತೆ

ಹೋದ ಭಾನುವಾರ ದಾವಣಗೆರೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಮಗಳಿಗೆ ಇಪ್ಪತ್ತು ತುಂಬಿದೆ, ಗಂಡಿನ ಕಡೆಯವರು ನೋಡೋಕೆ ಬರುವ ಮುಂಚೆ ಕನ್ನಡಕ ತೆಗೆಸಬೇಕಂತೆ. "ನೀ ಜರ್ಮನೀಲಿ ಮಾಡಿಸ್ಕಂಡೆಲ್ಲ, ಕಣ್ಣು ಸುಡ್ತಾರಂತಲ್ಲೇ?" ಅಂದರು.

ಸುಡುವುದಿಲ್ಲ. ನಾನು ಮಾಡಿಸಿಕೊಂಡಿದ್ದು ಲ್ಯಾಸಿಕ್, ಅಂದರೆ ಲೇಸರಿನಿಂದ ಕಣ್ಣಿನ ಮುಂಭಾಗ ಕೆತ್ತಿ ಪವರ್ ಇಳಿಸುವ ಆಪರೇಷನ್. ಅದಕ್ಕೆ ಬಳಸುವ ಎಕ್ಸೈಮರ್ ಲೇಸರ್ ಅಂದರೆ 193 ನ್ಯಾನೋಮೀಟರ್ ಅಲೆಯುದ್ದದ, ಕಣ್ಣಿಗೆ ಕಾಣದ ಬೆಳಕು. ಅಕ್ಕಪಕ್ಕ ಕಾವು ಹರಡದ ಹಾಗೆ ತೆಳ್ಳಗೆ ಕೆತ್ತುತ್ತದೆ. ಅದರ ಈ ಗುಣ ಕಂಡುಕೊಂಡವರಲ್ಲಿ ಒಬ್ಬರು ಮದ್ರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂನಲ್ಲಿ, ಹಬ್ಬದೂಟಕ್ಕೆ ಮಾಡಿ ಉಳಿದಿದ್ದ ಟರ್ಕಿ ಕೋಳಿಯ ಮೇಲೆ ಪ್ರಯೋಗ ನಡೆದಿತ್ತು. ಪೂಜೆ ಮುಗಿಸಿ ಮಾತಾಡುತ್ತಿದ್ದ ಚಿಕ್ಕಮ್ಮನಿಗೆ ಕೋಳಿ ವಿಷಯ ಹೇಳಲಿಲ್ಲ ಬಿಡಿ. ಆದರೆ ವಾಸನೆ ಬರೋದು ನಿಜ. ಕೂದಲು ಸುಟ್ಟಂಥ ವಾಸನೆ.

ನನಗೆ ಆಪರೇಷನ್‌ಗಿಂತ ಟೆಸ್ಟಿಗೇ ಜಾಸ್ತಿ ಹೊತ್ತು ಹಿಡಿಯಿತು. ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಆಕಾರವನ್ನೇ ಸ್ವಲ್ಪ ಬದಲಿಸಿರುತ್ತೆ, ಅದಕ್ಕೇ ಎರಡು ವಾರ ಹಾಕುವಂತಿರಲಿಲ್ಲ. ಕಾಲೇಜು ಕಾಲದ ಸೋಡಾಬುಡ್ಡಿ ಏರಿಸಿಕೊಂಡೇ ಆಫೀಸಿಗೆ ಹೋದೆ. ಆಮೇಲೆ ಕಾರ್ನಿಯಾದ ಲೆಕ್ಕ. ಕರಿಗುಡ್ಡೆಯ ಮೇಲಿರುವ ಗಾಜಿನಂಥ ಭಾಗವೇ ಕಾರ್ನಿಯಾ. ನನ್ನದು 545 ಮೈಕ್ರಾನ್ ದಪ್ಪ, ಅಂದರೆ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್. ಮೇಲೆ ಮುಚ್ಚಳದ ಹಾಗೆ ಎತ್ತಿ, ಕೆತ್ತಿದ ಮೇಲೆ ಮತ್ತೆ ಮುಚ್ಚುವ ಪದರಕ್ಕೆ 110. ಅದರ ಕೆಳಗೆ ಲೇಸರ್ ಕೆತ್ತುವುದು ಒಂದು ಪವರ್ ಇಳಿಸೋಕೆ ಸುಮಾರು 14ರಂತೆ, ನನ್ನ ಮೈನಸ್ ಐದೂವರೆಗೆ 77. ಕೆಳಗೆ 358 ಉಳಿಯುತ್ತೆ, 300ರ ಮೇಲಿದ್ದರೆ ನನಗೆ ನೆಮ್ಮದಿ ಅಂದರು ಡಾಕ್ಟರು. ಕಾರ್ನಿಯಾ ತೆಳ್ಳಗಿದ್ದರೆ, ಅಥವಾ ಶಂಕುವಿನ ಹಾಗೆ ಮುಂದಕ್ಕೆ ಉಬ್ಬುವ ಕೆರಟೋಕೋನಸ್‌ನ ಸುಳಿವಿದ್ದರೆ, ಲ್ಯಾಸಿಕ್ ಬೇಡ ಅಂತಾರೆ. ಇದಕ್ಕಿಂತ ಮುಂಚೆ ಇನ್ನೊಂದು ಕ್ಲಿನಿಕ್ಕಿಗೆ ಹೋಗಿದ್ದೆ. ಅಲ್ಲಿ ಹತ್ತೇ ನಿಮಿಷ ನೋಡಿ, ಈ ತಿಂಗಳು ಆಫರ್ ಇದೆ ಅಂದರು. ಕಣ್ಣಿಗೂ ಆಷಾಢದ ಸೇಲಾ ಅಂತ ಎದ್ದು ಬಂದೆ.

ಆಪರೇಷನ್ ದಿನ ಮರಗಟ್ಟುವ ಹನಿ ಹಾಕಿ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಸಿಕ್ಕಿಸಿದರು. ಕಣ್ಣನ್ನು ಅಲುಗಾಡದಂತೆ ಹಿಡಿಯೋಕೆ ಒಂದು ಉಂಗುರ ಒತ್ತುತ್ತಾರೆ. ಆಗ ಕೆಲವು ಸೆಕೆಂಡು ಎಲ್ಲ ಕತ್ತಲಾಯಿತು. ನಾನು ಹೆದರಿದ್ದು ಅಲ್ಲಿ ಮಾತ್ರ. ನೋವಿರಲಿಲ್ಲ, ಒತ್ತಿದಂತಾಯಿತು ಅಷ್ಟೇ. ಆಮೇಲೆ ಮಿನುಗುವ ಚುಕ್ಕಿ ನೋಡುತ್ತಾ ಇರಿ ಅಂದರು. ಕಣ್ಣು ಅಲುಗಿದರೆ ಅಂತ ಎಲ್ಲರೂ ಕೇಳ್ತಾರೆ. ಸ್ವಲ್ಪ ಅಲುಗಿದರೆ ಯಂತ್ರವೇ ಹಿಂಬಾಲಿಸುತ್ತೆ, ಜಾಸ್ತಿಯಾದರೆ ತಾನೇ ನಿಲ್ಲುತ್ತೆ.

ಮರಗಟ್ಟಿದ್ದು ಇಳಿದ ಮೇಲೆ ನಾಲ್ಕೈದು ಗಂಟೆ, ಮಿರ್ಚಿ ಹೆಚ್ಚಿದ ಕೈಯಲ್ಲಿ ಕಣ್ಣು ಮುಟ್ಟಿಕೊಂಡಂಥ ಉರಿ. ಮಾರನೇ ದಿನ ಬೆಳಿಗ್ಗೆ ಕಿಟಕಿಯಿಂದಲೇ ಟ್ರಾಮಿನ ನಂಬರ್ ಓದಿದೆ. ಕಣ್ಣು ಉಜ್ಜುವಂತಿಲ್ಲ, ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಕವಚ, ಹೊತ್ತುಹೊತ್ತಿಗೆ ಹನಿ. ರಾತ್ರಿ ದೀಪಗಳ ಸುತ್ತ ಉಂಗುರ ಕಾಣೋದು ಎರಡು ತಿಂಗಳಾದರೂ ಇತ್ತು.

ನನ್ನನ್ನು ಜಾಸ್ತಿ ಕಾಡಿದ್ದು ಕಣ್ಣು ಒಣಗುವುದು. ಪದರ ಎತ್ತುವಾಗ ಸಣ್ಣ ನರಗಳು ಕತ್ತರಿಸಿ ಹೋಗುತ್ತವೆ, ಅವು ಮತ್ತೆ ಬೆಳೆಯುವ ತನಕ ಕಣ್ಣೀರು ಕಮ್ಮಿ. ಮೂರನೇ ತಿಂಗಳಿಗೆ ಊರಿಗೆ ಬಂದಿದ್ದೆ. ಮಂಡಕ್ಕಿ ಭಟ್ಟಿಗಳ ಹೊಗೆ ತಾಗಿದ್ದೇ ತಡ, ಕಣ್ಣು ಬಿಡೋಕಾಗಲಿಲ್ಲ. ನಮ್ಮೂರಲ್ಲಿ ಮಾಡಿಸಿಕೊಳ್ಳುವವರು ಒಳ್ಳೆ ಗಾಗಲ್ಸಿಗೂ ದುಡ್ಡು ತೆಗೆದಿಡಿ.

ದುಡ್ಡಿನ ಮಾತು ಬಂತಲ್ಲ, ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆ ಇದಕ್ಕೆ ಸಾಮಾನ್ಯವಾಗಿ ಕೊಡೋದಿಲ್ಲ. ಪೂರ್ತಿ ಕೈಯಿಂದಲೇ. ಇನ್ನೊಂದು ತಮಾಷೆ ಕೇಳಿ. ನನ್ನ ಡ್ರೈವಿಂಗ್ ಲೈಸೆನ್ಸಿನಲ್ಲಿ 01 ಅಂತ ಇತ್ತು, ಕನ್ನಡಕ ಬೇಕು ಅನ್ನುವ ಗುರುತು. ಕಣ್ಣು ಸರಿಹೋದರೂ ಅದನ್ನು ತೆಗೆಸದೆ ಬರಿಗಣ್ಣಲ್ಲಿ ಗಾಡಿ ಓಡಿಸಿದರೆ ತಪ್ಪು!

ನನಗೀಗ ಮೂವತ್ತೊಂಬತ್ತು. ನಲವತ್ತು ದಾಟಿದ ಮೇಲೆ ಓದೋಕೆ ಕನ್ನಡಕ ಬೇಕಾಗಬಹುದು ಅಂತ ಡಾಕ್ಟರು ಕಣ್ಣಿನ ಚಿತ್ರ ಬರೆದು ಕಾಲು ಗಂಟೆ ವಿವರಿಸಿದರು. ಅಮ್ಮನಿಗೆ ಹೇಳಿದರೆ, "ಚಾಳೀಸು ಕಣೇ" ಅಂದುಬಿಟ್ಟಳು. ಲೇಸರ್ ಕೆತ್ತುವುದು ಕಾರ್ನಿಯಾವನ್ನು. ಚಾಳೀಸು ಬರೋದು ಒಳಗಿನ ಲೆನ್ಸ್ ಗಡುಸಾಗಿ. ಮೊದಲು ಕನ್ನಡಕ ತೆಗೆದು ಹತ್ತಿರ ಹಿಡಿದರೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಇನ್ನು ಆ ಅನುಕೂಲವೂ ಇಲ್ಲ.

ತಂಗಿಯ ಪವರ್ ಕೇಳಿದೆ. ಹೋದ ವರ್ಷ ಮೂರು, ಈಗ ಮೂರೂ ಮುಕ್ಕಾಲು. ಹಾಗಾದರೆ ಈಗ ಬೇಡ, ಒಂದು ವರ್ಷವಾದರೂ ಪವರ್ ಅಲ್ಲೇ ನಿಲ್ಲಲಿ ಅಂದೆ.

"ಅಲ್ಲಿಗಂಟ ಗಂಡು ಕಾಯ್ತಾನೇನೇ?" ಅಂದರು ಚಿಕ್ಕಮ್ಮ.

ಕನ್ನಡಕ ಹಾಕಿದ್ದಾಗಲೇ ನೋಡಲಿ ಬಿಡಿ ಅಂದೆ. ಹಿಂದಿನಿಂದ ತಂಗಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.