ರ‍್ಯಾಂಕ್ ಬರೆಯುವುದು ಹೇಗೆ ಅಂತ ಕೇಳಿದವಳು

2009ರ ಮಳೆಗಾಲ. ಆಗ ನಾನು ಹಾಸನದಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದೆ. ಕಂಪ್ಯೂಟರಿನಲ್ಲಿ ಕನ್ನಡ ಬಳಸುವವರ ಗುಂಪೊಂದಕ್ಕೆ ಹೊಸದಾಗಿ ಸೇರಿದ್ದೆ. ಒಂದು ದಿನ ದಾವಣಗೆರೆ ಕಡೆಯ ಹುಡುಗಿಯೊಬ್ಬಳು ಅಲ್ಲಿ ಕೇಳಿದಳು: "ಸರ್, ಯೂನಿಕೋಡ್‌ನಲ್ಲಿ ರ‍್ಯಾಂಕ್ ಅಂತ ಹೊಡೆದರೆ ರ್ಯಾಂಕ್ ಅಂತ ಬರ್ತಿದೆ. ನನಗೆ ಅರ್ಕಾವೊತ್ತು ಬೇಡ. ಏನು ಮಾಡಲಿ? ಶಾಲೆಯ ಸ್ಮರಣ ಸಂಚಿಕೆ, ನಾಳಿದ್ದು ಪ್ರೆಸ್ಸಿಗೆ ಹೋಗಬೇಕು." ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ.

"ನುಡಿಯಲ್ಲಿ ಹೊಡಿಯಮ್ಮ, ಈ ತಲೆನೋವೇ ಇಲ್ಲ" ಎಂದರು ಒಬ್ಬರು. ನುಡಿ ಅಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ. "ನುಡಿ ಹಿಡಿದುಕೊಂಡು ಕೂತವರಿಂದಲೇ ಕನ್ನಡ ಹಿಂದೆ ಬಿದ್ದಿದೆ" ಎಂದರು ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ಹುರುಳಿತ್ತು. ಆಗ ಪ್ರೆಸ್ಸುಗಳಲ್ಲಿ ನಡೆಯುತ್ತಿದ್ದುದು ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳೇ. ಆದರೆ ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಕಲಸುಮೇಲೋಗರ. ಅದನ್ನು ಹುಡುಕಲೂ ಆಗುತ್ತಿರಲಿಲ್ಲ. ಇದರ ಬಗ್ಗೆಯೇ ಜಗಳ ಆಡಿದ್ದರೆ ನಾವೆಲ್ಲ ಏನಾದರೂ ಕಲಿಯುತ್ತಿದ್ದೆವು.

ಸಂಜೆ ಹೊತ್ತಿಗೆ ಮಾತು ಎಲ್ಲಿಗೋ ಹೋಗಿತ್ತು. ಯಾರು ಯಾರ ಏಜೆಂಟು, ಯಾರು ಯಾವ ಊರಿನವರು, ಯಾರ ಕೆಲಸ ಯಾಕೆ ಹೋಯಿತು! ನಡುವೆ ಅವಳು ಇನ್ನೊಮ್ಮೆ, "ದಯವಿಟ್ಟು ಯಾರಾದರೂ ಹೇಳಿ" ಅಂತ ಬರೆದಳು. "ಮೊದಲು ಕನ್ನಡ ಕಲಿತು ಬಾ" ಅಂತ ಒಬ್ಬ ಉತ್ತರ ಕೊಟ್ಟ. ಅದಕ್ಕೆ ನಾಲ್ಕು ಜನ ನಕ್ಕರು. ಅವಳು ಮತ್ತೆ ಬರಲಿಲ್ಲ.

ನನಗೆ ಉತ್ತರ ಗೊತ್ತಿತ್ತು. ಬರೆದರೆ ನನ್ನ ಮೇಲೂ ಬೀಳುತ್ತಾರೆ ಅಂತ ಹೆದರಿ ಸುಮ್ಮನಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

"ಟೆಕ್ನಾಲಜಿ ಅಂದ್ರೆ ಹೀಗೇನೇ, ಲಿನಕ್ಸ್ ಬೆಳೆದದ್ದೇ ಬೈಗುಳದಲ್ಲಿ" ಅನ್ನುವವರಿದ್ದಾರೆ. ಲಿನಕ್ಸ್ ಅಂದರೆ ವಿಂಡೋಸ್ ಥರ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ನಾನು ಒಪ್ಪುವುದಿಲ್ಲ. 1992ರ ಜನವರಿಯಲ್ಲಿ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರು ಲಿನಕ್ಸ್ ಓಬೀರಾಯನ ಕಾಲದ್ದು ಅಂತ ಬರೆದಾಗ ಅದನ್ನು ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಸಿಟ್ಟಾಗಿದ್ದು ನಿಜ. ಆದರೆ ವಾದ ನಡೆದದ್ದು ಜಾಸ್ತಿ ಕರ್ನಲ್ ಬಗ್ಗೆ, ಅಂದರೆ ಆ ತಂತ್ರಾಂಶದ ತಿರುಳಿನ ಬಗ್ಗೆ. ಎಲ್ಲ ಒಂದೇ ದೊಡ್ಡ ಪ್ರೋಗ್ರಾಮ್ ಆಗಿರಬೇಕಾ, ಬಿಡಿ ಬಿಡಿಯಾಗಿರಬೇಕಾ ಅಂತ. ಲಿನಸ್ ಆಮೇಲೆ ತನ್ನ ಒರಟು ಮಾತಿಗೆ ಕ್ಷಮೆಯನ್ನೂ ಕೇಳಿದರು. ಮುಂದೆ ಎಷ್ಟೋ ವರ್ಷ ಕೋಡ್ ಕಳಿಸಿದವರನ್ನೇ ಬೈದರು, ಅದೂ ನಿಜ. ಕೊನೆಗೆ 2018ರ ಸೆಪ್ಟೆಂಬರ್ 16ರಂದು ಅವರೇ ಎಲ್ಲರಿಗೂ ಪತ್ರ ಬರೆದು, ತಾನು ಹಾಗೆ ನಡೆದುಕೊಂಡದ್ದು ತಪ್ಪು ಅಂತ ಒಪ್ಪಿಕೊಂಡರು. ಸ್ವಲ್ಪ ಕಾಲ ಕೆಲಸದಿಂದ ದೂರವೂ ಉಳಿದರು. ಬೈದವರೇ ತಪ್ಪು ಅಂದಮೇಲೆ ನಾವ್ಯಾಕೆ ಅದನ್ನು ಹೊಗಳಬೇಕು, ಅಲ್ವಾ?

ತಂಗೀ, ನಿನ್ನ ಸಂಚಿಕೆ ಯಾವತ್ತೋ ಅಚ್ಚಾಗಿರುತ್ತದೆ. ಆದರೂ ಹೇಳುತ್ತೇನೆ. ಮೊದಲು ರ ಹೊಡಿ. ಅದರ ಹಿಂದೆಯೇ ಜೀರೋ ವಿಡ್ತ್ ಜಾಯ್ನರ್ ಹಾಕು, ಅದು ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹಲಂತ, ಅಂದರೆ ಒತ್ತಕ್ಷರ ಮಾಡುವ ಚಿಹ್ನೆ, ಆಮೇಲೆ ಯಾ. ರ‍್ಯಾ ಸರಿಯಾಗಿ ಬರುತ್ತದೆ.