ಹರಿಗೋಲಿನಲ್ಲಿ ಬೇಕಾಗುವ ಸ್ಪ್ಯಾನಿಷ್

ಆನೆಗೊಂದಿಗೆ ಬರುವವರಿಗೆ ಊರು ತೋರಿಸುವುದು ನನ್ನ ಕೆಲಸ. ಸ್ಪೇನ್, ಅರ್ಜೆಂಟೀನಾ ಕಡೆಯವರಿಗೆ ಅಂಜನಾದ್ರಿಯ ಕಥೆಯನ್ನು ಇಂಗ್ಲಿಷ್‌ನಲ್ಲೇ ಹೇಳಬಹುದು. ಆದರೆ ಸಾಣಾಪುರ ಕೆರೆಯಲ್ಲಿ ಹರಿಗೋಲು ಹತ್ತುವಾಗ ಕಥೆಗೆ ಟೈಮ್ ಇರುವುದಿಲ್ಲ. ಕೂಡು, ಏಳಬೇಡ, ಕೈ ಕೊಡು, ಇಷ್ಟೇ. ಅದಕ್ಕೇ ಸ್ಪ್ಯಾನಿಷ್ ಕಲಿಯುವವರು ವಿಧ್ಯರ್ಥವನ್ನು, ಅಂದರೆ ಮಾಡು, ಮಾಡಬೇಡ ಅನ್ನುವ ರೂಪವನ್ನು, ಕೊನೆಗೆ ಇಟ್ಟುಕೊಳ್ಳಬಾರದು ಅನ್ನುತ್ತೇನೆ ನಾನು.

ನಮ್ಮಲ್ಲಿ ಬಾ, ಬರ್ರಿ ಎರಡೂ ಇದ್ದ ಹಾಗೆ ಅಲ್ಲಿ 'ತೂ' ಮತ್ತು 'ಉಸ್ತೆದ್' ಇವೆ. ಸಲಿಗೆಯ 'ತೂ' ಸುಲಭ. 'ಅವನು ಮಾತಾಡುತ್ತಾನೆ' ಅನ್ನಲು 'ಆಬ್ಲಾ' ಅನ್ನುತ್ತಾರೆ. 'ಮಾತಾಡು' ಅನ್ನಲೂ ಅದೇ 'ಆಬ್ಲಾ'. 'ಕೋಮೆ' ಅಂದರೆ ತಿನ್ನು, 'ಸೂಬೆ' ಅಂದರೆ ಹತ್ತು. ಹೊಸದಾಗಿ ಏನೂ ಕಲಿಯಬೇಕಿಲ್ಲ.

ಈ ದಾರಿಗೆ ಬಾರದ ಕ್ರಿಯಾಪದಗಳು ಮುಖ್ಯವಾಗಿ 8. ಬೇನ್ (ಬಾ), ಬೆ (ಹೋಗು), ದಿ (ಹೇಳು), ಆಸ್ (ಮಾಡು), ಪೋನ್ (ಇಡು), ಸಾಲ್ (ಹೊರಡು), ತೇನ್ (ಇಟ್ಟುಕೋ), ಸೆ (ಆಗು). ಎಲ್ಲವೂ ದಿನಾ ಬಾಯಲ್ಲಿ ಆಡುವ ಪದಗಳು, ಎಲ್ಲವೂ ಗಿಡ್ಡ. ನಮ್ಮ 'ಬರು' 'ಬಾ' ಆದಂತೆ ಅವರ 'ಬೆನೀರ್' 'ಬೇನ್' ಆಗಿದೆ. ಇವನ್ನು ಬಾಯಿಪಾಠ ಮಾಡಿಬಿಡಿ.

ನಿಜವಾದ ಸ್ವಾರಸ್ಯ ಇರುವುದು 'ಬೇಡ'ದಲ್ಲಿ. ಮುಂದೆ ಸುಮ್ನೆ 'ನೋ' ಸೇರಿಸಿದರೆ ಆಗುವುದಿಲ್ಲ, ಕ್ರಿಯಾಪದದ ಕೊನೆಯೇ ಬದಲಾಗುತ್ತದೆ. ಮೂಲರೂಪ 'ಆರ್' ಅಂತ ಮುಗಿಯುವ ಗುಂಪಿನ ಪದಗಳಲ್ಲಿ ಕೊನೆಯ 'ಆ' ಹೋಗಿ 'ಎಸ್' ಬರುತ್ತದೆ: ಆಬ್ಲಾ, ನೋ ಆಬ್ಲೆಸ್. 'ಎರ್', 'ಇರ್' ಗುಂಪಿನಲ್ಲಿ ಉಲ್ಟಾ, 'ಎ' ಹೋಗಿ 'ಆಸ್' ಬರುತ್ತದೆ: ಕೋಮೆ, ನೋ ಕೋಮಾಸ್; ಸೂಬೆ, ನೋ ಸೂಬಾಸ್. ಗಿಡ್ಡ ಪದಗಳೂ ಇಲ್ಲಿ ಉದ್ದವಾಗುತ್ತವೆ. 'ಬೇನ್'ಗೆ ಎದುರು 'ನೋ ಬೇಂಗಾಸ್', 'ದಿ'ಗೆ ಎದುರು 'ನೋ ದೀಗಾಸ್'. ಮಾಡು, ಮಾಡಬೇಡ ಎರಡನ್ನೂ ಜೋಡಿಯಾಗಿ ಗಟ್ಟಿಯಾಗಿ ಹೇಳಿಕೊಂಡು ಕಲಿಯುವುದೇ ವಾಸಿ. ಬೇರೆ ಬೇರೆ ಕಲಿತರೆ ಬೇಕಾದಾಗ ನಾಲಿಗೆ ತಿರುಗುವುದಿಲ್ಲ.

ಈಗ ಹರಿಗೋಲಿಗೆ ಬನ್ನಿ. ಒಬ್ಬರು ಫೋಟೋಗೆ ಅಂತ ಎದ್ದು ನಿಂತರೂ ಸಾಕು, ಅದು ಆ ಕಡೆಗೆ ವಾಲುತ್ತದೆ. ಹುಟ್ಟು ಹಾಕುವವರು ನನ್ನ ಮುಖ ನೋಡುತ್ತಾರೆ. 'ಸಿಯೆಂತಾತೆ' ಅನ್ನುತ್ತೇನೆ, ಕೂತುಕೋ ಅಂತ. ಇದರಲ್ಲಿ 'ತೆ' ಅಂದರೆ 'ನಿನ್ನನ್ನು'. ಮಾಡು ಅನ್ನುವಾಗ ಅದು ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಬೇಡ ಅನ್ನುವಾಗ ಬಿಡಿಸಿಕೊಂಡು ಮುಂದೆ ಬರುತ್ತದೆ: 'ನೋ ತೆ ಲೆಬಾಂತೆಸ್', ಏಳಬೇಡ. 'ನೋ ತೆ ಮ್ವೇಬಾಸ್', ಅಲುಗಾಡಬೇಡ. 'ನನಗೆ' ಅನ್ನುವ 'ಮೆ' ಕೂಡ ಹೀಗೇ. 'ದಾಮೆ ಲಾ ಮಾನೋ' ಅಂದರೆ ಕೈ ಕೊಡು. ದಡಕ್ಕೆ ಇಳಿಸುವಾಗ ನಾನು ಜಾಸ್ತಿ ಬಳಸುವುದು ಇದನ್ನೇ.

ವಯಸ್ಸಾದವರಿದ್ದರೆ ನಾನು ಉಸ್ತೆದ್ ರೂಪದಲ್ಲಿ 'ಸಿಯೆಂತೆಸೆ' ಅನ್ನುತ್ತೇನೆ. ದೊಡ್ಡವರಿಗೆ 'ಕೂಡ್ರಿ' ಅಂದೇ ರೂಢಿಯಾದ ಬಾಯಿ ಅಲ್ವಾ. ಅರ್ಜೆಂಟೀನಾದವರು 'ತೂ' ಬದಲು 'ಬೋಸ್' ಅನ್ನುತ್ತಾರೆ. ಅವರಲ್ಲಿ 'ಬೇನ್' ಇಲ್ಲ, 'ಬೆನೀ'. 'ಸಿಯೆಂತಾತೆ' ಇಲ್ಲ, 'ಸೆಂತಾತೆ'. ಆದರೆ 'ನೋ ತೆ ಲೆಬಾಂತೆಸ್' ಅವರಿಗೂ ನಡೆಯುತ್ತದೆ. ಹರಿಗೋಲಿನವರು ಒಂದೇ ಒಂದು ಸ್ಪ್ಯಾನಿಷ್ ಮಾತು ಸಾಕು ಅಂದರೆ ನಾನು ಹೇಳಿಕೊಡುವುದು ಅದನ್ನೇ.